ತೂಗುವ ಸೋಮವಾರ

ಸೋಮವಾರ ಬೆಳಿಗ್ಗೆ ಬಾಲವಾಡಿಯ ಬೀಗ ತೆಗೆದ ಮೇಲೆ ದಾಕ್ಷಾಯಣಮ್ಮ ಮಾಡುವ ಮೊದಲ ಕೆಲಸ, ಸ್ಟೂಲು ಹತ್ತಿ ತೊಲೆಗೆ ತೂಕದ ಯಂತ್ರ ನೇತುಹಾಕುವುದು. ಗಡಿಯಾರದಂಥ ದುಂಡು ಮುಖ, ಅದರಲ್ಲೊಂದು ಮುಳ್ಳು, ಕೆಳಗೊಂದು ಕೊಕ್ಕೆ. ಸ್ಟೂಲಿನಿಂದ ಇಳಿಯುವ ಮೊದಲು ಆ ಕೊಕ್ಕೆಗೆ ಹಳೆಯ ಹಸಿರು ರವಿಕೆ ಬಟ್ಟೆ ಸುತ್ತುತ್ತಾರೆ. ಕಬ್ಬಿಣ ಕಾಣಬಾರದು. ತಾಲ್ಲೂಕು ಬೋರ್ಡಿನವರು ಇಂಥದ್ದೇನೂ ಹೇಳಿಲ್ಲ. ಅದು ಊರಿನ ಕುರಿ ಸಾಕುವ ಮನೆಯ ಕಾಳಕ್ಕ ಹಾಕಿದ ಷರತ್ತು.

ರಾಮಗಿರಿಯ ಈ ಬಾಲವಾಡಿಯನ್ನು ನಡೆಸುವುದು ಹೊಳಲ್ಕೆರೆ ತಾಲ್ಲೂಕು ಬೋರ್ಡು. ಒಂದು ಕೋಣೆ, ಮುಂದೆ ಜಗುಲಿ, ಹಿತ್ತಲಲ್ಲಿ ಒಲೆ. ಒಲೆಯ ಮುಂದೆ ಆಯಾ ಬರಗೇರಮ್ಮ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಗಂಟು ಒಡೆಯುವವರೆಗೆ ಕಡಗೋಲಿನಿಂದ ಕಡೆಯುತ್ತಾಳೆ. ಶಿಕ್ಷಕಿ ದಾಕ್ಷಾಯಣಮ್ಮ ಹೊಸದುರ್ಗದ ಜವಳಿ ಅಂಗಡಿಯವರ ಮಗಳು. ಗಂಡ ಮುರುಗೇಶಪ್ಪನಿಗೆ ಸ್ಟೇಷನ್ ರಸ್ತೆಯಲ್ಲಿ ದಿನಸಿ ಅಂಗಡಿ. ಅವರು ಬೆಲ್ಲ ತೂಗುತ್ತಾರೆ, ಇವರು ಮಕ್ಕಳನ್ನು ತೂಗುತ್ತಾರೆ. ಈ ತಮಾಷೆಯನ್ನು ಊರಿನವರು ಹೇಳಿ ಹೇಳಿ ಸವೆಸಿದ್ದಾರೆ. ಮೊದಲು ಮಾತ್ರ ಇದು ಯಾರಿಗೂ ನಗುವ ವಿಷಯವಾಗಿರಲಿಲ್ಲ.

ಮಗುವನ್ನು ಕೂರಿಸುವ ಕ್ಯಾನ್ವಾಸ್ ಚೀಲದ ಸಮೇತ ಯಂತ್ರ ಬಂದದ್ದು ೧೯೭೭ರ ಮಳೆಗಾಲ ಮುಗಿಯುವ ಹೊತ್ತಿಗೆ. ವಯಸ್ಸಿಗೆ ತಕ್ಕ ತೂಕವಿಲ್ಲದ ಮಗುವಿಗೆ ಎರಡನೆಯ ಲೋಟ ಹಾಲು ಕೊಡಬೇಕೆಂದು ಬೋರ್ಡಿನವರು ಹೇಳಿದರು. ದಾಕ್ಷಾಯಣಮ್ಮನಿಗೆ ತಕ್ಷಣ ನೆನಪಾದವನು ಕಾಳಕ್ಕನ ಮೊಮ್ಮಗ ಗುಡ್ಡಪ್ಪ. ಅವನ ಅಪ್ಪ ಕುರಿಮಂದೆಯ ಜೊತೆ ಮೇವು ಹುಡುಕಿ ನೀರಾವರಿ ಸೀಮೆಯ ಕಡೆಗೆ ಹೋಗಿದ್ದ. ತಾಯಿ ರಂಗಕ್ಕ ಕೂಲಿಗೆ ಹೋಗುತ್ತಿದ್ದಳು. ಒಂದೂವರೆ ವರ್ಷ ತುಂಬಿದ ಹುಡುಗ ಮಳೆಗಾಲದ ಭೇದಿಯಲ್ಲಿ ಸೊರಗಿ, ಗೋಡೆ ಹಿಡಿದು ನಿಲ್ಲುವುದನ್ನೂ ಬಿಟ್ಟಿದ್ದ.

"ಹೆಸರು ಮಾತ್ರ ಗುಡ್ಡ. ಎತ್ಕಂಡ್ರೆ ಖಾಲಿ ಗೂಡೆ ಎತ್ಕಂಡಂಗೆ ಆಗುತ್ತೆ" ಎಂದಿದ್ದಳು ಬರಗೇರಮ್ಮ.

ದಾಕ್ಷಾಯಣಮ್ಮ ಮಾಡಿದ ತಪ್ಪೆಂದರೆ, ಬಾವಿಕಟ್ಟೆಯಲ್ಲಿ ಹತ್ತು ಜನರ ಮುಂದೆ, "ಕಾಳಕ್ಕ, ಸೋಮವಾರ ಮೊಮ್ಮಗನ್ನ ಕರ್ಕಂಡು ಬರ್ರಿ, ತೂಗಬೇಕು" ಎಂದದ್ದು.

ಕಾಳಕ್ಕ ಕೊಡವನ್ನು ಕೆಳಗಿಟ್ಟಳು. "ಗಡಿಯಾರದ ಕೆಳಗೆ ಕೊಕ್ಕೆ ಐತಂತಲ್ಲ, ಅದಕ್ಕಾ?"

"ಅದಕ್ಕೇ. ಚೀಲದಾಗೆ ಕೂರಿಸ್ತೀವಿ, ಏನೂ ಆಗಲ್ಲ."

"ಅಕ್ಕೋರೆ, ನಾವು ಕುರಿ ಸಾಕೋ ಜನ. ಕೊಕ್ಕೆಗೆ ನೇತಾಕಿ ತೂಗೋದು ಕುರೀನ, ಅದೂ ಚರ್ಮ ಸುಲಿದ ಮ್ಯಾಲೆ. ನಮ್ಮ ಕೂಸನ್ನ ಅಲ್ಲಿಗೆ ಹಾಕ್ತೀನಾ?"

ಕೇಳಿದ ಉಳಿದ ಹೆಂಗಸರೂ ಕೊಡ ಎತ್ತಿಕೊಂಡು ಹೊರಟರು. ಆ ಸೋಮವಾರ ಚೀಲ ಖಾಲಿಯಾಗಿಯೇ ತೂಗಾಡಿತು.

"ಅಂದಾಜಿಗೆ ಒಂದು ತೂಕ ಬರ್ಕಂಡುಬಿಡ್ರಿ, ಹಾಲು ಕೊಡಾಣ" ಎಂದಳು ಬರಗೇರಮ್ಮ.

"ಹಾಲೇನೋ ಕೊಡಬಹುದು. ಅದು ಅವನ ಮೈಗೆ ಹತ್ತುತ್ತೋ ಇಲ್ಲವೋ ಅನ್ನೋದು ಗೊತ್ತಾಗೋದು ಹೆಂಗೆ? ಹತ್ತದಿದ್ರೆ ಹೊಳಲ್ಕೆರೆ ಆಸ್ಪತ್ರೆಗೆ ಕರ್ಕಂಡು ಹೋಗಬೇಕು."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಳಕ್ಕ ಮೊಮ್ಮಗಳನ್ನು ಬಾಲವಾಡಿಗೆ ಬಿಡಲು ಬಂದಳು. ಕಂಕುಳಲ್ಲಿ ಗುಡ್ಡಪ್ಪ. ಅವನದು ಒಂದೇ ಸಮನೆ ಕುಂಯ್‌ಗುಟ್ಟುವ ಅಳು. ಕಾಳಕ್ಕ ಜಗುಲಿಯ ಮೇಲೆ ಕುಳಿತು ತಟ್ಟಿದಳು, ಎದ್ದು ತಿರುಗಾಡಿಸಿದಳು. ಅಳು ನಿಲ್ಲಲಿಲ್ಲ.

"ಅಕ್ಕೋರೆ, ಎಲ್ಲಾದ್ರೂ ಒಂದು ಜೋಲಿ ಕಟ್ಟಕ್ಕೆ ಜಾಗ ಐತಾ? ಒಂಚೂರು ತೂಗಿದ್ರೆ ಮಲಗ್ತಾನೆ."

ಉಪ್ಪಿಟ್ಟು ಬಡಿಸುತ್ತಿದ್ದ ದಾಕ್ಷಾಯಣಮ್ಮನ ಸೌಟು ನಿಂತಿತು.

"ಏನಂದ್ರಿ ಕಾಳಕ್ಕ?"

"ತೂಗ್ತೀನಿ ಅಂದೆ."

"ನಾನೂ ಬಾವಿಕಟ್ಟೇಲಿ ಅದನ್ನೇ ಅಂದಿದ್ದು."

ಕಾಳಕ್ಕ ಅವರನ್ನು ದಿಟ್ಟಿಸಿದಳು. ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದಳು. "ಮಾತಿನಾಗೆ ಉರುಳು ಹಾಕ್ತೀರಲ್ಲ ತಾಯಿ!"

"ಮುಚ್ಚುಮರೆ ಏನಿಲ್ಲ. ಚೀಲ ಬ್ಯಾಡ, ನಿಮ್ಮ ಸೀರೆ ಜೋಲಿ ಕಟ್ಟಾಣ. ಕೂಸನ್ನ ಮಲಗಿಸೋರು ನೀವು, ತೂಗೋರು ನೀವು. ನಾನು ಮುಳ್ಳು ನೋಡ್ತೀನಿ, ಅಷ್ಟೇ."

ಕಾಳಕ್ಕ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಮತ್ತೆ ತಟ್ಟಿದಳು. ಅಳು ಮಾತ್ರ ನಡೆದೇ ಇತ್ತು. ಕೊನೆಗೆ ಎರಡು ಮಾತು ಹೇಳಿದಳು. ಕೊಕ್ಕೆ ಕಣ್ಣಿಗೆ ಕಾಣಬಾರದು. ಕೂಸಿನ ತೂಕವನ್ನು ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ದಾಕ್ಷಾಯಣಮ್ಮ ಎರಡಕ್ಕೂ ಒಪ್ಪಿದರು. ಹಸಿರು ಬಟ್ಟೆ ಸುತ್ತಿದ್ದು ಆಗಲೇ.

ಕಾಳಕ್ಕ ಮನೆಯಿಂದ ಹಳೆಯ ಸೀರೆ ತರಿಸಿ, ಜೋಲಿ ಕಟ್ಟಿ, ಮೊಮ್ಮಗನನ್ನು ಮಲಗಿಸಿ ತೂಗತೊಡಗಿದಳು. ಮುಳ್ಳು ಅತ್ತಿಂದಿತ್ತ ಕುಣಿಯಿತು.

"ಒಂದು ಗಳಿಗೆ ತೂಗೋದು ನಿಲ್ಲಿಸ್ರಿ. ತೂಕ ಸಿಗ್ತಿಲ್ಲ."

"ಇದೊಳ್ಳೆ ಕತೆ! ಇಷ್ಟು ದಿನ ತೂಗ್ರಿ ಅಂತಿದ್ರಿ, ಈಗ ತೂಗಬ್ಯಾಡ ಅಂತೀರ!"

ಬರಗೇರಮ್ಮ ನಕ್ಕದ್ದಕ್ಕೆ ಮಕ್ಕಳೂ ನಕ್ಕವು. ಕಾಳಕ್ಕ ಕೈ ತೆಗೆದಳು. ಮುಳ್ಳು ನಿಂತಿತು. ದಾಕ್ಷಾಯಣಮ್ಮ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ನಿಂತದ್ದು ತೀರಾ ಕಡಿಮೆ ಅಂಕಿಯಲ್ಲಿ. ಗುಡ್ಡಪ್ಪ ನಿದ್ದೆ ಹೋಗಿದ್ದ. ಅವನು ಎದ್ದ ಮೇಲೆ ಬರೀ ಸೀರೆಯನ್ನು ತೂಗಿ ಆ ಭಾರ ಕಳೆಯಬೇಕಾಯಿತು.

"ಸರಿಯಾಗಿ ಕಳೀರಿ ಅಕ್ಕೋರೆ, ಕಾಳಕ್ಕನ ಸೀರೇಗೆ ಅಂಟಿರೋ ರಾಗಿಹಿಟ್ಟೇ ಅರ್ಧ ಸೇರು ಐತೆ" ಎಂದಳು ಬರಗೇರಮ್ಮ.

"ಹೂಂ ಕಣೇ, ನಿನ್ನ ನಾಲಿಗೇನೂ ಒಂದಿನ ತೂಗಿಸ್ತೀನಿ ಬಾ!"

ಅಂದಿನಿಂದ ಗುಡ್ಡಪ್ಪನಿಗೆ ಎರಡು ಲೋಟ ಹಾಲು. ಕಾಳಕ್ಕನ ಕೂಸನ್ನು ತೂಗಿದರಂತೆ ಎಂಬ ಸುದ್ದಿ ಹಬ್ಬಿ, ಉಳಿದ ತಾಯಂದಿರೂ ಸೋಮವಾರ ತಮ್ಮ ತಮ್ಮ ಸೀರೆ ತಂದರು. ಕ್ಯಾನ್ವಾಸ್ ಚೀಲದಲ್ಲಿ ಬರಗೇರಮ್ಮ ಈರುಳ್ಳಿ ತುಂಬಿಟ್ಟಳು. ಕಾಳಕ್ಕ ಒಮ್ಮೆಯೂ ತೂಕ ಎಷ್ಟೆಂದು ಕೇಳಲಿಲ್ಲ. "ಮುಳ್ಳು ಮುಂದಕ್ಕೆ ಹೋಯ್ತಾ?" ಎಂದಷ್ಟೇ ಕೇಳುವಳು. ಮೊದಲ ಕೆಲವು ಸೋಮವಾರ ಮುಳ್ಳು ಇದ್ದಲ್ಲೇ ನಿಂತಿತ್ತು. ಆಸ್ಪತ್ರೆಗೆ ಹೋಗಬೇಕಾದೀತೆಂದು ದಾಕ್ಷಾಯಣಮ್ಮ ಹೊಳಲ್ಕೆರೆ ಬಸ್ಸಿನ ವೇಳೆಯನ್ನೂ ವಿಚಾರಿಸಿಟ್ಟಿದ್ದರು. ಸಂಕ್ರಾಂತಿಯ ಆಸುಪಾಸಿನಲ್ಲಿ, "ಹೋಯ್ತು ಕಾಳಕ್ಕ" ಎಂದರು. ಶಿವರಾತ್ರಿಗೆ ಗುಡ್ಡಪ್ಪ ಜಗುಲಿಯ ಕಂಬ ಬಿಟ್ಟು ಬರಗೇರಮ್ಮನ ಕಡಗೋಲಿನವರೆಗೆ ನಡೆದ.

ಈಗ ೧೯೭೮ರ ಬೇಸಿಗೆ. ಇವತ್ತಿನ ಸೋಮವಾರ ಜೋಲಿಗೆ ಹಾಕಿದರೆ ಅವನು ಮಲಗಲೊಲ್ಲ. ಕಾಲು ಹೊರಗೆ ಚಾಚಿ ಒದೆಯುತ್ತಾನೆ. ಮುಳ್ಳು ನಿಲ್ಲಬೇಕಾದರೆ ಕಾಳಕ್ಕ ಅವನಿಗೆ ಬೆಲ್ಲದ ಚೂರು ತೋರಿಸಬೇಕು. ದಾಕ್ಷಾಯಣಮ್ಮ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡರು.

"ವಯಸ್ಸಿಗೆ ತಕ್ಕಷ್ಟು ಆಗೈತೆ. ಇನ್ನು ಎರಡನೇ ಲೋಟ ಇಲ್ಲ ಕಾಳಕ್ಕ."

"ಚೆನ್ನಾಗಿ ಬೆಳೆಸಿದ್ದಕ್ಕೆ ಹಾಲು ಕಿತ್ಕಂತೀರಾ?" ಎಂದು ಕಾಳಕ್ಕ ರೇಗಿದಳು. ಮುಖದ ತುಂಬ ನಗೆ. ಜೋಲಿ ಬಿಚ್ಚಿ ಸೀರೆ ಮಡಚಿಕೊಂಡಳು.

ನಾಳೆಯಿಂದ ಗುಡ್ಡಪ್ಪನಿಗೆ ಒಂದೇ ಲೋಟ ಹಾಲು.