ಏರ್ ಫಿಲ್ಟರಿಗೆ ಕುಂಕುಮ

ಸ್ಕ್ರೂಡ್ರೈವರ್ ತರಲು ಮೇಲೆ ಹೋಗಿ ಬರುವಷ್ಟರಲ್ಲಿ, ಕಾಂಪೌಂಡಿನ ಕಟ್ಟೆಯ ಮೇಲಿಟ್ಟಿದ್ದ ಹೊಸ ಏರ್ ಫಿಲ್ಟರಿಗೆ ಅಮ್ಮ ಕುಂಕುಮ ಇಟ್ಟುಬಿಟ್ಟಿದ್ದರು.

“ಅಮ್ಮಾ, ಇದು ಎಂಜಿನ್ನಿಗೆ ಗಾಳಿ ಸೋಸೋದು. ಪುಡಿಯೆಲ್ಲ ಒಳಗೆ ಎಳ್ಕೊಂಡ್ರೆ?”

“ಹೊಸ ಸಾಮಾನನ್ನ ಹಾಗೇ ಹಾಕ್ತಾರೇನೋ? ಪುಡಿ ಉದುರಬಾರ್ದು ಅಂತ್ಲೇ ನೀರಲ್ಲಿ ಕಲಸಿ ಅಂಚಿಗೆ ಮಾತ್ರ ಇಟ್ಟಿದೀನಿ.”

ಬೇರೆ ತರೋಣವೆಂದರೆ ಭಾನುವಾರ, ಅಂಗಡಿ ಮುಚ್ಚಿತ್ತು. ಗೊಣಗುತ್ತಲೇ ಅದನ್ನೇ ಕೂರಿಸಿದೆ. ವಾರದಿಂದ ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನವರಿಂದೆಲ್ಲ ತಳ್ಳಿಸಿಕೊಂಡಿದ್ದ ಫಿಯೆಟ್ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಪಕ್ಕದ ಮನೆಯ ಮರಾಠಿ ಗೃಹಸ್ಥರು ತಮ್ಮ ಸ್ಕೂಟರ್ ತಳ್ಳಿಕೊಂಡು ಬಂದು, “ಮೌಶಿ, ಇಸ್‌ಕೋ ಭೀ ಥೋಡಾ ಲಗಾ ದೋ” ಎಂದರು. ಅಮ್ಮ ಅದಕ್ಕೂ ಇಟ್ಟರು.

ಮುಂದಿನ ಸಲ ಬಿಚ್ಚಿದಾಗ ಫಿಲ್ಟರಿನ ಕಾಗದ ಮುಂಬಯಿಯ ಹೊಗೆಗೆ ಕಪ್ಪಿಟ್ಟಿತ್ತು. ಮುಚ್ಚಳದಡಿ ಅಂಚಿನಲ್ಲಿದ್ದ ಕುಂಕುಮ ಮಾತ್ರ ಕೆಂಪಗೇ ಇತ್ತು. ಹೊಸದನ್ನು ಹಿಡಿದುಕೊಂಡು ನಾನೇ ಮೇಲೆ ಹೋಗಿ ಅಮ್ಮನನ್ನು ಕರೆದೆ.