ಉಂಡ ಮನೆಯ ಜಂತೆ

ನಿನ್ನೆ ನಮ್ಮ ಬಳಗದ ಹೊಸ ಕಚೇರಿಯಲ್ಲಿ ಕಪಾಟು ಜೋಡಿಸುತ್ತಿದ್ದಾಗ ಹಳೆಯ ಸ್ಟೀಲ್ ಥರ್ಮಾಸ್ ಕೈಗೆ ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಒಳಗೆ ಚಹಾ ಇರಲಿಲ್ಲ, ಚಹಾದ ವಾಸನೆ ಇತ್ತು. ಶುಂಠಿ, ಏಲಕ್ಕಿ, ಸ್ವಲ್ಪ ಹಳೆಯ ರಬ್ಬರು. ಎಷ್ಟು ತಿಕ್ಕಿ ತೊಳೆದರೂ ಹೋಗದ ವಾಸನೆ ಅದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು, ಇದನ್ನು ಎಸೆಯುವುದೇ ಎಂದು ಕೇಳಿದಳು. ನಾನು ಅದನ್ನು ಎದೆಗೆ ಅವಚಿಕೊಂಡ ರೀತಿ ನೋಡಿ ಬೇರೆ ಕಪಾಟಿನ ಕಡೆಗೆ ಹೋದಳು.

ನೀವು ವಿಜಯಪುರದವರಾದರೆ ಖುಲ್ಲಂಖುಲ್ಲಾ ಬಳಗದ ಹೆಸರು ಕೇಳಿರುತ್ತೀರಿ. ಕೇಳಿಲ್ಲವಾದರೆ ಹೇಳಿಬಿಡುತ್ತೇನೆ. ಚುನಾವಣೆಗೆ ನಿಂತವರು ಏನು ಮಾತು ಕೊಟ್ಟಿದ್ದರು, ಗೆದ್ದ ಮೇಲೆ ಏನು ಮಾಡಿದರು ಎಂಬುದನ್ನು ಕಾಗದಪತ್ರಗಳಲ್ಲಿ ಹುಡುಕಿ, ಜಾಗಕ್ಕೆ ಹೋಗಿ ಕಣ್ಣಾರೆ ಕಂಡು, ಸಂತೆಯ ದಿನ ಮೈಕಿನಲ್ಲಿ ಓದುವುದು ನಮ್ಮ ಕೆಲಸ. ನಾವು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಬೈಯುವ ಕೆಲಸವನ್ನು ಸಂತೆಯ ಜನ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಇದನ್ನು ಶುರು ಮಾಡಿದವರು ಗಂಗಕ್ಕ. ಹುಡುಗಿಯರ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ತೊರವಿಯಲ್ಲಿ ಮನೆ ಮಾಡಿಕೊಂಡವರು. ನನ್ನ ಮುದ್ರಣಾಲಯಕ್ಕೆ ಒಂದು ಕರಪತ್ರ ಅಚ್ಚು ಹಾಕಿಸಲು ಬಂದರು. ನಾನು ಒಂದು ಒತ್ತಕ್ಷರ ತಪ್ಪಿದ್ದೆ. ನಿಂತ ನಿಲುವಿನಲ್ಲೇ ಪಾಠ ಶುರುವಾಯಿತು. ಆ ಪಾಠ ಮುಗಿಯುವ ಹೊತ್ತಿಗೆ ನಾನು ಬಳಗದ ಸದಸ್ಯನಾಗಿದ್ದೆ, ಮುದ್ರಣಾಲಯದ ಹಿಂದಿನ ಕೋಣೆ ಬಳಗದ ಕಚೇರಿಯಾಗಿತ್ತು. ನಾವು ನಾಲ್ಕೇ ಮಂದಿ, ಕಾಗದದ ಬಂಡಲುಗಳೇ ಕುರ್ಚಿ. ಎದ್ದಾಗ ಬಟ್ಟೆಗೆ ಮಸಿ ಮೆತ್ತಿರುತ್ತಿತ್ತು. ಮನೆಯಲ್ಲಿ ಬೈಸಿಕೊಂಡರೂ ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ಗಂಗಕ್ಕನದೊಂದು ಪದ್ಧತಿಯಿತ್ತು. ಸಂತೆಯಲ್ಲಿ ಓದುವ ಮೊದಲು ಆ ಜನಪ್ರತಿನಿಧಿಯ ಮನೆಗೇ ಹೋಗಿ ಅವರ ಎದುರಿಗೆ ವರದಿ ಓದಬೇಕು. ಅವರು ಕೊಟ್ಟ ಉತ್ತರವನ್ನೂ ಸೇರಿಸಿಕೊಳ್ಳಬೇಕು. ಆದರೆ ಅವರ ಮನೆಯ ಚಹಾ ಕುಡಿಯಬಾರದು. ಕೇಳಲಿಕ್ಕೆ ಸುಲಭ. ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡವೆಂದರೆ ಮನೆಯವರಿಗೆ ಎರಡೇ ಅನುಮಾನ: ಇವರಿಗೆ ಸಕ್ಕರೆ ಕಾಯಿಲೆಯೋ, ನಮ್ಮ ಮೇಲೆ ಸಿಟ್ಟೋ? ಚಹಾ ಬೇಡವೆಂದ ಬೀಗರ ಜೊತೆ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ಥರ್ಮಾಸ್ ಬಂತು. ಒಳಗಿನಿಂದ ಚಹಾದ ಕಪ್ಪು-ಬಸಿಗಳ ಸದ್ದು ಕೇಳಿಸಿದೊಡನೆ ಗಂಗಕ್ಕ ಚೀಲದಿಂದ ಅದನ್ನು ಹೊರತೆಗೆದು, "ನಿಮ್ಮ ಚಾ ನಾವು ಕುಡಿಯಂಗಿಲ್ರಿ. ನಮ್ಮ ಚಾ ನೀವು ಕುಡೀರಿ" ಎನ್ನುತ್ತಿದ್ದರು. ಎಂಥೆಂಥ ಮೀಸೆಯವರು ನಮ್ಮ ಶುಂಠಿ ಚಹಾ ಕುಡಿಯುತ್ತ ತಮ್ಮ ಮೇಲಿನ ವರದಿ ಕೇಳಿದ್ದಾರೆ. ಬಾಯಲ್ಲಿ ಬಿಸಿ ಚಹಾ ಇದ್ದಾಗ ಮನುಷ್ಯ ಜೋರಾಗಿ ಕೂಗಲಾರ ಎಂಬುದು ಗಂಗಕ್ಕನ ಲೆಕ್ಕ.

ಹೀಗೇ ಇರೋಣ ಎಂದು ನಾನೆಂದರೂ ಊರು ಬಿಡಲಿಲ್ಲ. ಬಬಲೇಶ್ವರದವರು ನಮ್ಮೂರ ಸಂತೆಗೆ ಯಾವಾಗ ಬರುತ್ತೀರಿ ಎಂದು ಕೇಳಿದರು, ತಿಕೋಟಾದವರೂ ಕೇಳಿದರು. ಜನ ತಿಂಗಳಿಗಿಷ್ಟೆಂದು ವಂತಿಗೆ ಹಾಕತೊಡಗಿದರು. ಹೊಸ ಕಚೇರಿ ಬಾಡಿಗೆಗೆ ಹಿಡಿದೆವು. ಪಗಾರದ ನೌಕರರು, ಹಾಜರಿ, 'ತಾಲೂಕಾ ಸಂಯೋಜಕ' ಎಂಬ ಹುದ್ದೆ, ಎಲ್ಲ ಬಂತು. ನನಗೆ ಕಸಿವಿಸಿ. ಬಂಡಲಿನ ಮೇಲೆ ಕೂತು ಮಾಡಿದ ಕೆಲಸವನ್ನು ತಿರುಗುಕುರ್ಚಿಯ ಮೇಲೆ ಕೂತು ಮಾಡಲಿಕ್ಕೆ ಬರುತ್ತದೆಯೇ? ಪಗಾರಕ್ಕೆ ಬಂದವರಿಗೆ ಥರ್ಮಾಸಿನ ಮರ್ಮ ತಿಳಿಯುತ್ತದೆಯೇ? ಗಂಗಕ್ಕನಿಗೆ ಹೇಳಿದರೆ, ನಾವು ನಾಲ್ಕೇ ಮಂದಿ ಇದ್ದಾಗ ಮಾಡುತ್ತಿದ್ದ ತಪ್ಪುಗಳನ್ನು ಲೆಕ್ಕಕ್ಕೆ ಹಿಡಿದಿರೇನು ಎಂದು ಕೇಳಿ ನಕ್ಕರು. ಹಿಡಿದಿರಲಿಲ್ಲ.

ಬಬಲೇಶ್ವರಕ್ಕೆ ಸುಜಾತಾ ಎಂಬ ಹುಡುಗಿ ಸಿಕ್ಕಳು. ಅದೇ ಊರಿನವಳು. ಬುದ್ಧವಿಹಾರದ ಕಾರ್ಯಕ್ರಮಗಳಲ್ಲಿ ಚಿಕ್ಕಂದಿನಿಂದ ಮೈಕ್ ಹಿಡಿದು ರೂಢಿಯಾದವಳು, ಮಾತು ಕಡಿಮೆ, ಓದು ಸ್ಪಷ್ಟ. ತಿಕೋಟಾಕ್ಕೆ ಸಿದ್ದಪ್ಪ. ಬಸ್ ಕಂಡಕ್ಟರಾಗಿ ನಿವೃತ್ತನಾದ ಇಟ್ಟಂಗಿಹಾಳದ ಮನುಷ್ಯ. ಅವನ ದನಿಗೆ ಮೈಕೇ ಬೇಕಿರಲಿಲ್ಲ. ಸಂದರ್ಶನದ ದಿನ ಒಂದು ವರದಿ ಓದಲು ಕೊಟ್ಟರೆ ಎರಡು ಸಾಲಿನ ನಡುವೆ ರೂಢಿಯ ಮೇಲೆ "ಮುಂದ ಸರೀರಿ, ಮುಂದ ಜಾಗಾ ಐತಿ" ಎಂದುಬಿಟ್ಟ. ನಮಗೆಲ್ಲ ನಗು. ಗಂಗಕ್ಕ ಮಾತ್ರ, ಸಂತೆಯಲ್ಲಿ ಆ ಮಾತೂ ಬೇಕಾಗುತ್ತದೆ ಎಂದು ಅವನನ್ನೇ ಆರಿಸಿದರು.

ತಿಕೋಟಾದ ಮೊದಲ ವರದಿ ಆ ಭಾಗದ ಒಬ್ಬ ಜನಪ್ರತಿನಿಧಿಯ ಮೇಲಿತ್ತು. ಹೆಸರು ಬೇಡ, ಸಾವಕಾರರು ಎನ್ನೋಣ. ದ್ರಾಕ್ಷಿ ತೋಟದ ನಡುವೆ ಮನೆ. ವರದಿಯಲ್ಲಿ ಒಳ್ಳೆಯದೂ ಇತ್ತು: ಕತ್ತಲೆಯಿದ್ದ ರಸ್ತೆಗೆ ದೀಪ ಹಾಕಿಸಿದ್ದರು. ಆದರೆ ಸಂತೆಯಲ್ಲಿ ಕೂತು ಮಾರುವ ಹೆಂಗಸರಿಗೆ ಶೌಚಾಲಯ ಕಟ್ಟಿಸುವೆನೆಂದು ಅಡಿಗಲ್ಲು ಹಾಕಿ ಮರೆತಿದ್ದರು. ಕಲ್ಲಿನ ಮೇಲೆ ಹೆಸರು ಇತ್ತು, ಕಲ್ಲಿನ ಸುತ್ತ ಹುಲ್ಲು ಇತ್ತು. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತೇವೆ ಎಂದು ಆ ಹೆಂಗಸರು ಸಿದ್ದಪ್ಪನಿಗೆ ಹೇಳಿದ್ದರು. ಈ ವರದಿಗಾಗಿ ಅವರು ಕಾಯುತ್ತಿದ್ದರು.

ಪದ್ಧತಿಯಂತೆ ಸಿದ್ದಪ್ಪ ಥರ್ಮಾಸ್ ಹಿಡಿದು ಸಾವಕಾರರ ಮನೆಗೆ ಹೋಗಿಬಂದ. ಹೇಗಾಯಿತು ಎಂದು ಕೇಳಿದೆವು. ಸಾವಕಾರರು ನಮ್ಮ ಚಹಾ ಕುಡಿದರಂತೆ, ಜಾಗದ ತಕರಾರಿದೆ ಎಂದು ಉತ್ತರ ಕೊಟ್ಟರಂತೆ. "ಭಾಳ ಛಲೋ ಮಂದಿರಿ. ಊಟಾ ಮಾಡಿಸೇ ಕಳಿಸಿದ್ರು" ಎಂದ.

ಚಹಾ ಕುಡಿಯಬಾರದೆಂದು ಹೇಳಿರಲಿಲ್ಲವೇ ಎಂದು ನಾನು ಕೇಳಿದೆ.

"ಚಾ ಮುಟ್ಟಿಲ್ರಿ" ಎಂದ ಸಿದ್ದಪ್ಪ, ನಿಜವಾಗಿ ಬೆರಗಾಗಿ. "ಚಾಪಾನಿ ಅಂದ್ರ ಲಂಚಾ ಅಂತಾರಲ್ರಿ, ಅದಕ್ಕ ಚಾ ಬ್ಯಾಡ ಅಂದೀರಿ ಅಂತ ತಿಳಕೊಂಡೆ. ರೊಟ್ಟಿಗೆ ಹಂಗ ಯಾರೂ ಅನ್ನೂದಿಲ್ಲರಿ."

ಸಾವಕಾರರ ತಾಯಿ, ವಯಸ್ಸಾದ ಮುದುಕಿ, ತಾಟು ತಂದು ಇಟ್ಟು ಎದುರಿಗೇ ಕೂತಿದ್ದಳಂತೆ. "ಚಾ ಒಲ್ಲೆ ಅಂದಿ, ರೊಟ್ಟಿನೂ ಒಲ್ಲೆ ಅಂದ್ರ ನಮ್ಮ ಮನಿ ಏನು ಸುಡುಗಾಡೇನೋ ಯಪ್ಪಾ?" ಎಂದು ಕೇಳಿದಳಂತೆ. ನೀವೇ ಹೇಳಿ, ಆ ಮಾತಿಗೆ ಎದ್ದು ಬರುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆಯೇ? ನಾನಾಗಿದ್ದರೆ ಇನ್ನೊಂದು ರೊಟ್ಟಿ ಕೇಳಿಯೇ ಉಣ್ಣುತ್ತಿದ್ದೆ. ಆದರೆ ಸುದ್ದಿ ನಮಗಿಂತ ಮೊದಲೇ ತಿಕೋಟಾ ಮುಟ್ಟಿತ್ತು. ಖುಲ್ಲಾ ಮಂದಿ ಸಾವಕಾರರ ಮನೆಯಲ್ಲಿ ಉಂಡು ಹೋದರು, ಇನ್ನೇನು ಓದುತ್ತಾರೆ ಎಂದು ಬಸ್ ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ಶಾಖೆ ತೆರೆಯುವ ಮೊದಲೇ ಮುಚ್ಚುವ ಲಕ್ಷಣ. ಈ ಸಂತೆ ಬಿಟ್ಟು ಮುಂದೆಂದಾದರೂ ಓದೋಣ ಎಂಬುದು ನನ್ನ ಸಲಹೆ. ನನ್ನ ಸಲಹೆಗಳು ಹೆಚ್ಚಾಗಿ 'ಮುಂದೆಂದಾದರೂ' ಎಂದೇ ಮುಗಿಯುತ್ತವೆ. ಸಿದ್ದಪ್ಪ ತಲೆ ತಗ್ಗಿಸಿ ನೌಕರಿ ಬಿಡುತ್ತೇನೆ ಎಂದ.

"ಬಿಡೂದು ಆಮ್ಯಾಲ" ಎಂದರು ಗಂಗಕ್ಕ. "ನಿಯಮದಾಗ ನಾನು ಸಂದಿ ಬಿಟ್ಟಿದ್ದೆ, ಅದರಾಗ ನೀ ಹೊಕ್ಕಿ. ಮೊದಲ ಉಂಡದ್ದನ್ನ ಓದು."

ಸಂತೆಯ ದಿನ ನಾನೂ ಹೋದೆ. ಬದನೆಕಾಯಿ ರಾಶಿಗೂ ಬಳೆ ಅಂಗಡಿಗೂ ನಡುವೆ ಸಿದ್ದಪ್ಪ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಕೂಗಿದ: "ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ನೀವೇನು ಎಣಿಸಾಕ ಬಂದೀರಿ?"

ಗಾದೆಗೆ ಎದುರು ಮಾತಾಡುವುದು ಕಷ್ಟ. ಯಾರ ಮನೆಯಲ್ಲಿ ಉಂಡೆವೋ ಆ ಮನೆಯ ಮಾಡಿನ ತೊಲೆಗಳನ್ನು ಲೆಕ್ಕ ಹಾಕಬಾರದು, ಸರಿ. ಆದರೆ ನಮ್ಮ ಬಳಗಕ್ಕೆ ಜಂತೆ ಎಣಿಸುವುದನ್ನು ಬಿಟ್ಟರೆ ಬೇರೆ ಕೆಲಸ ಏನಿದೆ?

"ಖರೇ ಐತ್ರಿ" ಎಂದ ಸಿದ್ದಪ್ಪ, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿಯಲ್ಲಿ. "ಸಾವಕಾರ್ರ ಮನ್ಯಾಗ ನಾ ಊಟಾ ಮಾಡೇನಿ. ಎರಡು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮಸರು. ಅದಕ್ಕ ಅವರ ವರದಿ ನಾ ಓದಂಗಿಲ್ಲ. ಬಬಲೇಶ್ವರದಿಂದ ಈ ತಂಗಿ ಬಂದಾಳ. ಆಕಿ ಅವರ ಮನಿ ನೀರೂ ಕುಡದಿಲ್ಲ. ಜಂತಿ ಆಕಿ ಎಣಿಸ್ತಾಳ. ಮುಂದ ಸರೀರಿ, ಮುಂದ ಜಾಗಾ ಐತಿ."

ಜನ ನಕ್ಕರು, ನಗುತ್ತಲೇ ಮುಂದೆ ಸರಿದರು. ಸುಜಾತಾ ದೀಪದ ವಿಷಯ ಓದಿದಳು, ಶೌಚಾಲಯದ ವಿಷಯ ಓದಿದಳು, ಸಾವಕಾರರ ಉತ್ತರವನ್ನೂ ಓದಿದಳು. ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳು ಕೂತಲ್ಲಿಂದಲೇ, ಜಾಗದ ತಕರಾರು ಯಾರದು ಎಂದು ಕೇಳಿದಳು. ಕೂಗಿದ್ದವನ ಕಡೆ ಎಲ್ಲರೂ ತಿರುಗಿದರು. ಅವನಿಗೂ ಗೊತ್ತಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಎಷ್ಟು ಸಮಾಧಾನವಾಯಿತೆಂದರೆ ಬೇಡದಿದ್ದರೂ ಒಂದು ಚೀಲ ಬದನೆಕಾಯಿ ಕೊಂಡೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾವಕಾರರ ಮನೆಯಿಂದ ದೂರೊಂದು ಬಂತು. ಸಾವಕಾರರದಲ್ಲ, ಅವರ ತಾಯಿಯದು. ಹೇಳಿಕಳಿಸಿದ್ದು ಇಷ್ಟೇ: "ಎರಡಲ್ಲ, ನಾಕು ರೊಟ್ಟಿ ಉಂಡಾನ. ಸುಳ್ಳ ಯಾಕ ಓದ್ತೀರಿ?" ಸಿದ್ದಪ್ಪ ಕಿವಿಯವರೆಗೆ ಕೆಂಪಾದ. ಹೌದೆಂದ. ಮುಂದಿನ ಸಂತೆಯಲ್ಲಿ ತಿದ್ದುಪಡಿ ಓದಿದೆವು. ಅಷ್ಟು ಜನ ನಮ್ಮ ಯಾವ ವರದಿಗೂ ಸೇರಿರಲಿಲ್ಲ. ಮುದುಕಿ ಮಗನಿಗೂ ಏನೋ ಅಂದಿರಬೇಕು. ಜಾಗದ ತಕರಾರು ಹೇಗೋ ಬಗೆಹರಿಯಿತು. ಈಗ ಶೌಚಾಲಯದ ಗೋಡೆ ಎದ್ದಿದೆ, ಬಾಗಿಲು ಬರಬೇಕು. ಅದನ್ನೂ ಓದಿದ್ದೇವೆ.

ಥರ್ಮಾಸ್ ಹಿಡಿದು ಕೂತವನಿಗೆ ಇದೆಲ್ಲ ನೆನಪಾಯಿತು. ನಾವು ನಾಲ್ಕೇ ಮಂದಿ ಇದ್ದ ಕಾಲದಲ್ಲಿ ಎಲ್ಲರೂ ಕೂಡಿಯೇ ಹೋಗುತ್ತಿದ್ದೆವು. ಆಗ ಉಂಡಿದ್ದರೆ ಬದಲಿಗೆ ಓದುವವರು ಯಾರಿದ್ದರು? ತಿರುಗುಕುರ್ಚಿಗಳ ಮೇಲಿನ ನನ್ನ ಸಿಟ್ಟು ಇಳಿದುಹೋಯಿತು. ಒಂದರಲ್ಲಿ ಕೂತು ಸುತ್ತಿಯೂ ನೋಡಿದೆ, ಚೆನ್ನಾಗಿದೆ. ಒಳಗೆ ಹೋಗಿ ಶುಂಠಿ ಜಜ್ಜಿ ಚಹಾ ಮಾಡಿ ಥರ್ಮಾಸ್ ತುಂಬಿದೆ. ಅಷ್ಟರಲ್ಲಿ ತಿಕೋಟಾ ಬಸ್ಸಿಳಿದು ಸಿದ್ದಪ್ಪ ಬಂದ, ಬೆವರು ಒರೆಸುತ್ತ ಕೂತ. ನಾನು ಲೋಟ ಮುಂದೆ ಹಿಡಿದೆ. ಅವನು ಕೈ ಚಾಚಿದವನು ತಡೆದು, ಲೋಟವನ್ನೂ ನನ್ನನ್ನೂ ನೋಡಿದ.

"ಯಾರ ಮನಿ ಚಾ ರೀ ಇದು?"

ನಮ್ಮದೇ ಎಂದೆ.

"ಹಂಗಾರ ತುಂಬಾ ಹಾಕ್ರಿ."