ನಾನು ಬೇಡವೆಂದ ಟೇಪು

ಎತ್ತರ ನಮ್ಮ ಕೌಂಟರಿಗಿಂತ ಒಂದು ಗೇಣು ಹೆಚ್ಚು. ತೂಕ ಒಂದು ಸಣ್ಣ ಪಂಪಿನಷ್ಟು. ವಯಸ್ಸು ನಲವತ್ತಾರು. ಮಾತು ಚಿಲ್ಲರೆ, ಹಟ ಸಗಟು. ಸರಕು ನೋಡಿದೊಡನೆ ಬೆಲೆ ಕಟ್ಟುವವನೆಂದು ಬೀಗುವ ನಾನು ಹದಿಮೂರು ವರ್ಷ, ನಮ್ಮ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಈಕೆಯ ಬೆಲೆಯನ್ನು ತಪ್ಪಾಗಿಯೇ ಕಟ್ಟಿದ್ದೆ.

ನಮ್ಮದು ಹಳೆಯ ಪಂಪುಗಳ ಬಿಡಿಭಾಗದ ವ್ಯಾಪಾರ. ಎಲ್ಲೂ ಸಿಗದ ಭಾಗವನ್ನು ನಕ್ಷೆ ಕೊಟ್ಟು ಎರಕ ಹೊಯ್ಯಿಸುತ್ತೇವೆ. ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ, ಕಂಪ್ಯೂಟರು ಆಕೆಯ ಕೈಯಲ್ಲಿ. ಗಂಟೆಗೊಮ್ಮೆ ಎಲ್ಲವೂ ಇನ್ನೊಂದು ಡಿಸ್ಕಿಗೆ ತಾನಾಗಿ ನಕಲಾಗುತ್ತದೆ. ಅದು ಸಾಲದೆಂದು ಶನಿವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಆ ನಕಲನ್ನು ತಡೆದು, ಗೊರಕೆಯಂತೆ ಸದ್ದು ಮಾಡುವ ಒಂದು ಯಂತ್ರದಲ್ಲಿ ಎಲ್ಲವನ್ನೂ ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿ, ಟೇಪನ್ನು ಬೀರುವಿನಲ್ಲಿಡುವುದು ಆಕೆಯ ಪದ್ಧತಿ. ಜೊತೆಗೆ ಬೇರೆ ಯಾವ ಕೆಲಸ ನಡೆದರೂ ಟೇಪು ಮುಗ್ಗರಿಸುತ್ತದೆ: ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಹೊರಡುತ್ತದೆ. ಹಾಗಾಗಿ ಆ ಎರಡು ಗಂಟೆ ಯಾರೂ ಕಂಪ್ಯೂಟರ್ ಮುಟ್ಟುವಂತಿಲ್ಲ. ಗಿರಾಕಿಗಳು ಮುತ್ತುವುದೂ ಅದೇ ಹೊತ್ತಿಗೆ.

"ಗಂಟೆಗೊಂದು ನಕಲು ಇದೆಯಲ್ಲಮ್ಮಾ, ಈ ಗೊರಕೆ ಯಂತ್ರ ಯಾಕೆ?" ಎಂದೆ.

"ನೀವು ಬೆಳಿಗ್ಗೆ ತಪ್ಪು ಮಾಡಿದ್ರೆ ಸಾಯಂಕಾಲದೊಳಗೆ ಅದನ್ನೇ ಹತ್ತು ಸಲ ನಕಲು ಮಾಡಿಟ್ಟಿರುತ್ತೆ ಅದು. ವಾರ ಆದ್ರೆ ಹಳೇದನ್ನ ಅಳಿಸಿಬಿಡುತ್ತೆ."

"ನಾನ್ಯಾಕಮ್ಮಾ ತಪ್ಪು ಮಾಡ್ಲಿ?"

"ನೀವು ಮಾಡಲ್ಲ ಬಿಡಿ ಯಜಮಾನ್ರೇ. ನಿಮ್ಮ ಬೆರಳು ಮಾಡುತ್ತೆ."

ಅಂಗಡಿಯವರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಇನ್ನು ಟೇಪು ಬಂದ್ ಎಂದು ಅಪ್ಪಣೆ ಮಾಡಿ, ಬೀರುವಿನಲ್ಲಿದ್ದ ಹಳೆಯ ಟೇಪುಗಳನ್ನು ಗುಜರಿಗೆ ಸಾಗಹಾಕಿದೆ. ಯಂತ್ರವನ್ನು ಗುಜರಿಯವನೂ ಮೂಸಲಿಲ್ಲ. ಅದು ಮೂಲೆಯಲ್ಲೇ ಉಳಿಯಿತು. ಗೆದ್ದೆ ಅಂದುಕೊಂಡೆ.

ಎರಡು ವಾರ ಕಳೆದು, ಅದೇ ಉಮೇದಿನಲ್ಲಿ ಕಂಪ್ಯೂಟರಿನ ಮುಂದೆ ನಾನೇ ಕೂತೆ. ಮೂರು ವರ್ಷ ಅಲುಗದ ಸರಕನ್ನು ಕಪಾಟಿನಿಂದ ಇಳಿಸುವುದು ನನ್ನ ರೂಢಿ. ಮೂರು ವರ್ಷ ಯಾರೂ ತೆರೆಯದ ನಕ್ಷೆಗಳಿಗೂ ಅದೇ ನ್ಯಾಯ ಅನ್ವಯಿಸಿದೆ. ಮುನ್ನೂರ ಹನ್ನೆರಡು ನಕ್ಷೆ ಅಳಿಸಿ, ಕಪಾಟು ಹಗುರಾಯಿತೆಂದು ಕೈ ಕೊಡವಿದೆ.

ಅದಾದ ಐದನೇ ವಾರ ಕಾಗದದ ಗಿರಣಿಯವನು ಓಡೋಡಿ ಬಂದ. ಹಳೆಯ ಪಂಪು ಒಡೆದು ಗಿರಣಿ ನಿಂತಿತ್ತು. ಅದರ ನಕ್ಷೆ ನಾನು ಅಳಿಸಿದ್ದರಲ್ಲೇ ಒಂದು. ಡಿಸ್ಕಿನಲ್ಲಿ ಏಳು ದಿನದ ನಕಲುಗಳಿದ್ದವು. ಏಳರಲ್ಲೂ ಅದು ಇರಲಿಲ್ಲ. ಆಗ ಹೊಳೆಯಿತು: ನಾನು ಅಳಿಸಿದ್ದೆಲ್ಲ ನಮ್ಮಪ್ಪ ಪಂಪು ಬಿಚ್ಚಿ, ಅಳತೆ ತೆಗೆದು, ಕೈಯಾರೆ ಬರೆದ ನಕ್ಷೆಗಳು. ಕಾಗದಗಳು ಗೆದ್ದಲಿನ ಪಾಲಾಗಿದ್ದವು. ಸ್ಕ್ಯಾನ್ ಮಾಡಿದ ಪ್ರತಿ ಉಳಿದಿದ್ದುದು ಕಂಪ್ಯೂಟರಿನಲ್ಲಿ ಮಾತ್ರ.

"ಹೋಯ್ತೇನಮ್ಮಾ?" ಎಂದೆ.

ಆಕೆ ಚೀಲದಿಂದ ಒಂದು ಟೇಪು ತೆಗೆದು ಮೇಜಿನ ಮೇಲಿಟ್ಟಳು.

"ಇದು ನೀವು ಬೇಡ ಅಂದಮೇಲೆ, ನಕ್ಷೆ ಅಳಿಸೋಕೆ ಮುಂಚೆ ಮಾಡಿದ್ದು. ಭಾನುವಾರ ಅಂಗಡಿ ಮುಚ್ಚಿರುವಾಗ, ಗಂಟೆ ನಕಲು ನಿಲ್ಲಿಸ್ಕೊಂಡು. ಟೇಪು ನನ್ನದೇ. ಶಿಕ್ಷೆ ಏನು ಅಂತ ಮೊದ್ಲು ಹೇಳಿ, ಆಮೇಲೆ ಯಂತ್ರಕ್ಕೆ ಹಾಕ್ತೀನಿ."

"ಶಿಕ್ಷೆ ಗಿಕ್ಷೆ ಏನಿಲ್ಲ, ಹಾಕಮ್ಮಾ."

"ಹಾಗಾದ್ರೆ ಆ ಅಪ್ಪಣೆ ತಪ್ಪು ಅಂತ ಎಲ್ಲರ ಮುಂದೆ ಹೇಳಿ."

ಚೌಕಾಶಿ ನನ್ನ ರಕ್ತದಲ್ಲಿದೆ. "ಅರ್ಧ ತಪ್ಪು" ಎಂದೆ.

ಆಕೆ ಟೇಪನ್ನು ವಾಪಸು ಚೀಲಕ್ಕೆ ಇಳಿಸತೊಡಗಿದಳು.

"ಪೂರ್ತಿ ತಪ್ಪು!"

"ಶನಿವಾರ ಒಂದರಿಂದ ಮೂರು?"

"ನಿಂದೇ ತಾಯಿ, ನಿಂದೇ."

"ಗಿರಾಕಿಗಳು ಕೂಗಾಡಿದ್ರೆ?"

"ನಾನೇ ಸಂಭಾಳಿಸ್ತೀನಿ."

ಆಮೇಲೆ ಯಂತ್ರ ಗೊರಕೆ ಹೊಡೆಯಿತು. ಒಂದೊಂದೇ ನಕ್ಷೆ ತೆರೆಯ ಮೇಲೆ ಬಂತು, ಅಂಚಿನಲ್ಲಿ ಅಪ್ಪನ ಓರೆ ಅಕ್ಷರಗಳ ಸಮೇತ. ಗಿರಣಿಯವನು ತನ್ನದನ್ನು ಹಿಡಿದು ಎರಕದವನಲ್ಲಿಗೆ ಓಡಿದ. ನಾನು ಉಳಿದವನ್ನು ನೋಡುತ್ತ ಕೂತೆ.

ಅಪ್ಪನ ಮುನ್ನೂರ ಹನ್ನೆರಡು ನಕ್ಷೆಗಳು ಇಂದು ನನ್ನ ಬಳಿ ಇರುವುದು ಈಕೆ ನನ್ನ ಮಾತು ಕೇಳದೆ ಹೋದದ್ದರಿಂದ. ಅದಕ್ಕೆ ನಾನು ಈಕೆಗೆ ಋಣಿ.